ದುರ್ಯೋಧನ ಕೊಳಕ್ಕೆ ಬಿದ್ದ ಮೇಲೆ: ಸಿಟ್ಟು, ನಾಚಿಕೆ ಮತ್ತು ಮನಸ್ಸಿನ ಗಾಯ

ಮಯ ಕಟ್ಟಿದ ಸಭೆಗೆ ದುರ್ಯೋಧನ ಬಂದ ಕಥೆ ಇಲ್ಲಿ ಕೂತ ಎಲ್ಲರಿಗೂ ಗೊತ್ತು. ಯಕ್ಷಗಾನದಲ್ಲೋ ಹರಿಕಥೆಯಲ್ಲೋ ಕೇಳಿಯೇ ಇರುತ್ತೀರಿ. ಸ್ಫಟಿಕದ ನೆಲವನ್ನು ನೀರೆಂದು ತಿಳಿದು ಉಟ್ಟ ಬಟ್ಟೆ ಎತ್ತಿಕೊಂಡ. ಆಮೇಲೆ ನೀರನ್ನು ನೆಲವೆಂದು ತಿಳಿದು ಬಟ್ಟೆ ಸಮೇತ ಕೊಳಕ್ಕೆ ಬಿದ್ದ. ಭೀಮ ನಕ್ಕ, ಆಳುಕಾಳುಗಳೂ ನಕ್ಕರು. ಯುಧಿಷ್ಠಿರ ಬೇರೆ ಬಟ್ಟೆ ಕೊಡಿಸಿದ. ಊರಿಗೆ ಮರಳುವ ದಾರಿಯಲ್ಲಿ ದುರ್ಯೋಧನ ಶಕುನಿಯ ಹತ್ತಿರ ಮೊದಲು ಹೇಳಿದ್ದು "ಅವರನ್ನು ಬಿಡುವುದಿಲ್ಲ" ಎಂದಲ್ಲ. ಬೆಂಕಿಗೆ ಬೀಳುತ್ತೇನೆ, ವಿಷ ತಿನ್ನುತ್ತೇನೆ, ನೀರಿಗೆ ಹಾರುತ್ತೇನೆ ಎಂದ. ಜೂಜಿನ ಯೋಚನೆ ಬಂದದ್ದು ಅದಾದ ಮೇಲೆ. ಕೊನೆಗೆ ತುಂಬಿದ ಸಭೆಗೆ ದ್ರೌಪದಿಯನ್ನು ಎಳೆಸಿದ. ನಾಲ್ಕು ಜನರ ಮುಂದೆ ತನಗಾದದ್ದನ್ನು ಅವರಿಗೂ ನಾಲ್ಕು ಜನರ ಮುಂದೆಯೇ ಮಾಡಿದ.

ಪಾಂಡವರ ಸಂಪತ್ತಿನ ಮೇಲೆ ಅವನಿಗೆ ಹೊಟ್ಟೆಕಿಚ್ಚು ಇತ್ತು, ಅದೂ ನಿಜ. ಆದರೆ ಇಲ್ಲೊಂದು ಸಣ್ಣ ವಿವರ ಇದೆ. ದ್ರೌಪದಿ ನಕ್ಕಳು ಎಂದು ನಾವೆಲ್ಲ ಹೇಳುತ್ತೇವಲ್ಲ, ವ್ಯಾಸಭಾರತದ ಸಭಾಪರ್ವದಲ್ಲಿ ಅವನು ಬೀಳುವ ಹೊತ್ತಿಗೆ ಅಲ್ಲಿ ನಗುವವರ ಸಾಲಿನಲ್ಲಿ ಅವಳಿಲ್ಲ. ಆಮೇಲೆ ಧೃತರಾಷ್ಟ್ರನ ಮುಂದೆ ದುರ್ಯೋಧನ ತಾನೇ ಅದನ್ನು ವರ್ಣಿಸುವಾಗ ಕೃಷ್ಣನೂ ನಕ್ಕ, ಹೆಂಗಸರೊಡನೆ ದ್ರೌಪದಿಯೂ ನಕ್ಕಳು ಎನ್ನುತ್ತಾನೆ. ಅವಮಾನದ ನೆನಪು ಹೀಗೆಯೇ ಬೆಳೆಯುವುದು. ಪ್ರತಿ ಸಲ ಮೆಲುಕು ಹಾಕುವಾಗಲೂ ನೋಡಿ ನಕ್ಕವರ ಸಂಖ್ಯೆ ಹೆಚ್ಚುತ್ತ ಹೋಗುತ್ತದೆ.

ಇವತ್ತಿನ ಮಾತು ಈ ಕ್ರಮದ ಬಗ್ಗೆ: ಮೊದಲು ನಾಚಿಕೆ, ಅದರ ಹಿಂದೆಯೇ ಸಿಟ್ಟು. ಎರಡರ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ಅದಕ್ಕೇ ಸಿಟ್ಟು ಮಾತ್ರ ಕಾಣುತ್ತದೆ, ಎದುರಿನವರಿಗೂ, ಸಿಟ್ಟಾದವರಿಗೂ. ಎಷ್ಟೋ ಜನ ವರ್ಷಗಟ್ಟಲೆ ಸಿಟ್ಟಿಗೆ ಮದ್ದು ಹುಡುಕಿ ಸೋಲುವುದು ಸಿಟ್ಟಿಗೆ ಮುಂಚೆ ಬಂದದ್ದನ್ನು ನೋಡದೆ ಇರುವುದರಿಂದ.

ಮಾತುಗಳನ್ನು ಮೊದಲು ಬಿಡಿಸಿಕೊಳ್ಳೋಣ

ಸಿಟ್ಟಿಗೆ ಕನ್ನಡದಲ್ಲಿ ಮಾತುಗಳಿಗೆ ಬರವಿಲ್ಲ. ಸಿಡುಕು, ಮುನಿಸು, ಕೋಪ, ರೋಷ, ಕಿಚ್ಚು, ಹಗೆ ಎಲ್ಲ ಬೇರೆಬೇರೆ. ಮುನಿಸಿಗೆ ಪ್ರೀತಿಪಾತ್ರರೇ ಬೇಕು, ಹಗೆಗೆ ವರ್ಷಗಳು ಬೇಕು. ನಾಚಿಕೆಯ ವಿಷಯಕ್ಕೆ ಬಂದರೆ ಮಾತು ಎಡವುತ್ತದೆ. ಮದುಮಗಳ ಸಂಕೋಚಕ್ಕೂ ನಾಚಿಕೆ, ಪರೀಕ್ಷೆಯಲ್ಲಿ ಫೇಲಾದವನ ಕುಗ್ಗುವಿಕೆಗೂ ನಾಚಿಕೆ. ಅವಮಾನ ಎಂದರೆ ಇನ್ನೊಬ್ಬರು ಮಾಡಿದ್ದು. ಯಾರೂ ಏನೂ ಮಾಡದಿದ್ದರೂ ಒಳಗೆ ಕೂತು "ನೀನು ಯಾವುದಕ್ಕೂ ಲಾಯಕ್ಕಿಲ್ಲ" ಎನ್ನುವ ಭಾವಕ್ಕೆ ದಿನಬಳಕೆಯಲ್ಲಿ ಬೇರೆಯೇ ಹೆಸರಿಲ್ಲ. ನಾನು ಅದಕ್ಕೂ ನಾಚಿಕೆ ಎಂದೇ ಹೇಳುತ್ತೇನೆ. ಮದುಮಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಇನ್ನೊಂದು ಗೆರೆ ಎಳೆಯಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ ಚಿಕಿತ್ಸೆಯ ಮಾತುಕತೆಗಳ ಬರಹಗಳನ್ನು ಸಾಲುಸಾಲಾಗಿ ಓದಿ 1971ರಲ್ಲಿ ಇದನ್ನು ಸ್ಪಷ್ಟಪಡಿಸಿದರು. "ನಾನು ಕೆಟ್ಟದ್ದು ಮಾಡಿದೆ" ಎನ್ನುವುದು ತಪ್ಪಿತಸ್ಥ ಭಾವ. "ನಾನೇ ಕೆಟ್ಟವನು" ಎನ್ನುವುದು ನಾಚಿಕೆ. ಮೊದಲನೆಯದರಲ್ಲಿ ಮಾಡಿದ ಕೆಲಸ ಕಣ್ಣ ಮುಂದಿರುತ್ತದೆ. ಅದನ್ನು ಸರಿಪಡಿಸುವ ದಾರಿಯೂ ಕಾಣುತ್ತದೆ. ಎರಡನೆಯದರಲ್ಲಿ ಸರಿಪಡಿಸಲು ಏನೂ ಸಿಗುವುದಿಲ್ಲ, ಇಡೀ ಮನುಷ್ಯನೇ ಕೆಟ್ಟವನಾದರೆ ಎಲ್ಲಿಂದ ಶುರುಮಾಡುವುದು? ಹೀಗೆ ದಾರಿ ಮುಚ್ಚಿದಾಗ ಹೊರಬರುವ ಸಿಟ್ಟಿಗೆ ಲೂಯಿಸ್ ಅವಮಾನಿತ ರೋಷ ಎಂಬ ಅರ್ಥದ ಹೆಸರು ಕೊಟ್ಟರು.

ನಮ್ಮ ನಾಟ್ಯಶಾಸ್ತ್ರಕ್ಕೆ ಇದು ಹೊಸ ಸುದ್ದಿಯೇನಲ್ಲ. ಭರತನ ಲೆಕ್ಕದಲ್ಲಿ ಕ್ರೋಧ ನೆಲೆನಿಲ್ಲುವ ಎಂಟು ಸ್ಥಾಯಿಭಾವಗಳಲ್ಲಿ ಒಂದು. ನಾಚಿಕೆ, ಅಂದರೆ ವ್ರೀಡೆ, ಬಂದುಹೋಗುವ 33 ಸಂಚಾರಿಭಾವಗಳಲ್ಲಿ ಒಂದು. ಅದೇ 33ರಲ್ಲಿ ಅಮರ್ಷ ಎಂಬುದಿದೆ. ವಿದ್ಯೆಯಲ್ಲೋ ಸಿರಿಯಲ್ಲೋ ಬಲದಲ್ಲೋ ತನಗಿಂತ ಮೇಲಿನವರಿಂದ ಬೈಗುಳ ತಿಂದವನಿಗೆ, ಅವಮಾನಗೊಂಡವನಿಗೆ ಹುಟ್ಟುವ ಅಸಹನೆ ಅದು. ಭಾವವನ್ನು ಮುಚ್ಚಿಡುವುದಕ್ಕೂ ಅವಹಿತ್ಥ ಎಂದು ಪ್ರತ್ಯೇಕ ಹೆಸರಿದೆ. ಸಿಟ್ಟು ರಂಗದ ಮೇಲೆ ಉದ್ದಕ್ಕೂ ನಿಲ್ಲುತ್ತದೆ, ನಾಚಿಕೆ ಮಿಂಚಿ ಮರೆಯಾಗುತ್ತದೆ ಎನ್ನುವುದನ್ನು ನಟರಿಗೆ ಕಲಿಸಬೇಕಾಗಿದ್ದವರು ನಮಗಿಂತ ಚೆನ್ನಾಗಿ ಗಮನಿಸಿದ್ದರು.

ಮೈಯಲ್ಲಿ ಏನಾಗುತ್ತದೆ

ನಾಚಿಕೆಗೆ ಮೈ ಮುದುಡುತ್ತದೆ. ಕಣ್ಣು ಕೆಳಗೆ, ಕತ್ತು ಬಗ್ಗುತ್ತದೆ, ಮುಖ ಕಿವಿ ಬಿಸಿಯಾಗುತ್ತದೆ, ಹೊಟ್ಟೆಯಲ್ಲಿ ಏನೋ ಕುಸಿದಂತೆ. ನೆಲ ಬಾಯಿಬಿಟ್ಟರೆ ಒಳಗೆ ಹೋಗಬೇಕು ಅನಿಸುತ್ತದೆ ಎನ್ನುತ್ತೇವಲ್ಲ, ಅದು ಅಲಂಕಾರದ ಮಾತಲ್ಲ. ಸಿಟ್ಟಿಗೆ ಮೈ ಉಬ್ಬುತ್ತದೆ. ದವಡೆ ಬಿಗಿ, ಹೆಗಲು ಮೇಲೆ, ದನಿ ಜೋರು, ಕೈಗೆ ರಕ್ತ ನುಗ್ಗುತ್ತದೆ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ: ಕುಗ್ಗಿ ಕೂರುವುದಕ್ಕಿಂತ ಉಬ್ಬಿ ನಿಲ್ಲುವುದು ಯಾರಿಗಾದರೂ ಹಿತ. ಸಿಟ್ಟು ನಾಚಿಕೆಗೆ ನೋವಿನ ಮಾತ್ರೆ ಇದ್ದಂತೆ. ಕೆಲಸ ಮಾಡುತ್ತದೆ, ತಕ್ಷಣ ಮಾಡುತ್ತದೆ. ಅದಕ್ಕೇ ಅದು ಚಟವಾಗುವುದು.

ಸಿಟ್ಟು ಬಂದಾಗ ಅಡ್ರಿನಲಿನ್ ಸೆಕೆಂಡುಗಳಲ್ಲಿ ಏರುತ್ತದೆ. ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ನಿಧಾನ. ಸುಮಾರು 20ರಿಂದ 30 ನಿಮಿಷಕ್ಕೆ ತುದಿ ಮುಟ್ಟುತ್ತದೆ. ಡಿಕರ್ಸನ್ ಮತ್ತು ಕೆಮೆನಿ ಎಂಬ ಸಂಶೋಧಕರು 208 ಪ್ರಯೋಗಾಲಯದ ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ತೋರಿಸಿದ್ದೇನೆಂದರೆ, ಕಾರ್ಟಿಸಾಲನ್ನು ಎಲ್ಲಕ್ಕಿಂತ ಹೆಚ್ಚು ಏರಿಸುವುದು ಎರಡು ಸಂಗತಿಗಳು ಕೂಡಿದಾಗ: ಬೇರೆಯವರು ನಮ್ಮನ್ನು ಅಳೆಯುತ್ತಿರಬೇಕು, ಪರಿಸ್ಥಿತಿ ನಮ್ಮ ಕೈಯಲ್ಲಿ ಇರಬಾರದು. ಅಂಥ ಸಂದರ್ಭದಲ್ಲಿ ಮೈ ಮೊದಲಿನ ಸ್ಥಿತಿಗೆ ಮರಳುವುದೂ ತಡ. ಆಫೀಸಿನ ಮೀಟಿಂಗಿನಲ್ಲಿ ಎಲ್ಲರ ಮುಂದೆ ಬೈಸಿಕೊಂಡವರು ಸಂಜೆ ಮನೆಗೆ ಬಂದು ಮಗುವಿನ ಮೇಲೆ ರೇಗುವುದಕ್ಕೆ ಇಷ್ಟು ಕಾರಣ ಸಾಕು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆಯಲ್ಲಿ ಕೊತ್ತಿಯನ್ನು ಆರಿಸಿದ್ದು ಸುಮ್ಮನೆ ಅಲ್ಲ. ಅದು ತಿರುಗಿ ಬೈಯುವುದಿಲ್ಲ.

ನಾಚಿಕೆ ಓಡುವ ನಾಲ್ಕು ದಾರಿ

ಮನೋವೈದ್ಯ ಡೊನಾಲ್ಡ್ ನೇಥನ್ಸನ್ 1992ರಲ್ಲಿ ನಾಚಿಕೆಗೆ ಒಂದು ದಿಕ್ಸೂಚಿ ಬರೆದರು. ನಾಲ್ಕು ದಿಕ್ಕು. ಒಂದು, ಮರೆಯಾಗುವುದು: ಫೋನ್ ಎತ್ತದಿರುವುದು, ಮದುವೆ ಮುಂಜಿಗೆ ಹೋಗದಿರುವುದು, ಒಂದೇ ಮನೆಯಲ್ಲಿದ್ದೂ ಮಾತು ಬಿಡುವುದು. ಎರಡು, ತನ್ನನ್ನೇ ಹಳಿದುಕೊಳ್ಳುವುದು. ಮೂರು, ಮರೆಸಿಕೊಳ್ಳುವುದು: ಕುಡಿತ, ಸಾಲ ಮಾಡಿ ತೋರಿಕೆಯ ಖರ್ಚು, ತಾನೇ ದೊಡ್ಡವನೆಂಬ ಬಡಾಯಿ, ಎಲ್ಲದಕ್ಕೂ ಹಾಸ್ಯ. ನಾಲ್ಕು, ಎದುರಿನವರ ಮೇಲೆ ಬೀಳುವುದು. ಒಬ್ಬನೇ ವ್ಯಕ್ತಿ ಒಂದೇ ದಿನ ನಾಲ್ಕನ್ನೂ ಸುತ್ತಿ ಬರಬಹುದು. ದುರ್ಯೋಧನ ಮೊದಲು ಕೊರಗಿ ಬಡವಾದ, ಸಾಯುತ್ತೇನೆಂದ, ಆಮೇಲೆ ದಾಳಿಗಿಳಿದ.

ನಾಲ್ಕನೆಯದು ಮಾತ್ರ ಸಿಟ್ಟಿನಂತೆ ಕಾಣುತ್ತದೆ, ಆದರೆ ಎರಡನೆಯದೂ ಸಿಟ್ಟೇ, ಒಳಕ್ಕೆ ತಿರುಗಿದ ಸಿಟ್ಟು. ಯಾರ ಸಿಟ್ಟು ಯಾವ ದಿಕ್ಕಿಗೆ ಹೋಗಬೇಕೆಂದು ಮನೆ, ಜಾತಿ, ಸಂಬಳ ತೀರ್ಮಾನಿಸುತ್ತವೆ. ಬಡವನ ಕೋಪ ದವಡೆಗೆ ಮೂಲ. ಮನೆಯ ಯಜಮಾನ ತಟ್ಟೆ ಎಸೆದರೆ "ಅವರಿಗೆ ಸ್ವಲ್ಪ ಮುಂಗೋಪ" ಎನ್ನುತ್ತೇವೆ. ಸೊಸೆ ದನಿ ಏರಿಸಿದರೆ ಅವಳ ತವರಿನ ಸಂಸ್ಕಾರವೇ ಚರ್ಚೆಗೆ ಬರುತ್ತದೆ. ಹಾಗಾಗಿ ಹೆಂಗಸರಲ್ಲಿ ಸಿಟ್ಟು ತಲೆನೋವು, ನಿದ್ದೆಗೇಡು, ಅಳುವಾಗಿ ಕಾಣಿಸಿಕೊಂಡರೆ, ಗಂಡಸರಲ್ಲಿ ಖಿನ್ನತೆ ಸಿಡುಕಾಗಿ, ಕುಡಿತವಾಗಿ ಕಾಣುವುದು ಹೆಚ್ಚು.

ಎಲ್ಲ ಸಿಟ್ಟೂ ನಾಚಿಕೆಯ ಮಗುವಲ್ಲ

ಇದನ್ನು ಒತ್ತಿ ಹೇಳಬೇಕು. ಇಲ್ಲದಿದ್ದರೆ ನಾಳೆ ಯಾರಾದರೂ ಅನ್ಯಾಯವನ್ನು ಪ್ರಶ್ನಿಸಿದಾಗ "ನಿನ್ನೊಳಗೆ ನಾಚಿಕೆ ಇದೆ, ಅದನ್ನು ಸರಿಮಾಡಿಕೋ" ಎಂದು ಬಾಯಿ ಮುಚ್ಚಿಸಲು ಈ ಉಪನ್ಯಾಸವೇ ನೆಪವಾದೀತು. ಗೆರೆ ದಾಟಿದವರನ್ನು ತಡೆಯಲು ಬರುವ ಸಿಟ್ಟು ಆರೋಗ್ಯದ ಲಕ್ಷಣ. ಅಂಬೇಡ್ಕರ್ ಮತ್ತು ಸಂಗಡಿಗರು 1927ರ ಮಾರ್ಚ್ 20ರಂದು, ದಲಿತರು ಮುಟ್ಟದಂತೆ ತಡೆದಿದ್ದ, ಮಹಾರಾಷ್ಟ್ರದ ಮಹಾಡ್‌ನ ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರಲ್ಲ, ತಲೆಮಾರುಗಳಿಂದ ಹೊರಿಸಿದ ನಾಚಿಕೆಯನ್ನು ಹೊರಿಸಿದವರ ಬಾಗಿಲಿಗೇ ವಾಪಸು ಇಟ್ಟ ಕೆಲಸ ಅದು. ಅಲ್ಲಿ ಸಿಟ್ಟಿಗೆ ಶಿಸ್ತಿತ್ತು, ಗುರಿ ಇತ್ತು.

ನಿಮ್ಮ ಸಿಟ್ಟು ಯಾವ ಜಾತಿಯದು ಎಂದು ತಿಳಿಯಲು, ಅದು ಇಳಿದ ಮೇಲೆ, ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾರೂ ನೋಡದೇ ಇದ್ದಿದ್ದರೆ ಇಷ್ಟೇ ಸಿಟ್ಟು ಬರುತ್ತಿತ್ತೇ? ನನ್ನ ಸಿಟ್ಟು ಬೇಡುತ್ತಿರುವುದು ಆ ಕೆಲಸ ನಿಲ್ಲಲಿ ಎಂದೇ, ಅಥವಾ ಆ ಮನುಷ್ಯ ಸಣ್ಣವನಾಗಲಿ ಎಂದೇ? ವಿಷಯ ಬಗೆಹರಿದ ಮೇಲೆ ಅದು ಇಳಿಯಿತೇ, ಅಥವಾ ಇನ್ನೊಂದು ಕಾರಣ ಹುಡುಕಿತೇ? ದುಡ್ಡು ವಾಪಸು ಬಂದ ಮೇಲೂ "ಅವನು ಹಾಗೆ ಹೇಳಿದನಲ್ಲ" ಎಂದು ಮೂರು ದಿನ ಕುದಿಯುತ್ತಿದ್ದರೆ, ಹೋದದ್ದು ದುಡ್ಡಲ್ಲ.

ಸಿಟ್ಟು ಏರಿದಾಗ: ಮೈಯಿಂದ ಶುರು

ಸಿಟ್ಟು ನೆತ್ತಿಗೇರಿದಾಗ ವಿವೇಕದ ಮಾತು ಒಳಗೆ ಇಳಿಯುವುದಿಲ್ಲ. ಗಂಡಹೆಂಡಿರ ಜಗಳಗಳನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಕೊಟ್ಟ ಅಳತೆ ಬಹಳ ಉಪಯೋಗದ್ದು: ನಾಡಿ ನಿಮಿಷಕ್ಕೆ 100 ದಾಟಿದರೆ ಮಾತು ಮುಂದುವರಿಸಬೇಡಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 25 ದಾಟಿತೆಂದರೆ ಮಾತು ನಿಲ್ಲಿಸುವ ಹೊತ್ತು. ಕನಿಷ್ಠ 20 ನಿಮಿಷ ಬಿಡುವು ಬೇಕು.

ಬಿಡುವು ತೆಗೆದುಕೊಳ್ಳುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಬಾಗಿಲು ಬಡಿದು ಎದ್ದು ಹೋದರೆ ಅದು ಬಿಡುವಲ್ಲ, ಶಿಕ್ಷೆ. ಎದುರಿನವರಿಗೆ ಹೊಸ ಅವಮಾನ. ಮರಳಿ ಬರುವ ಹೊತ್ತನ್ನು ಹೇಳಿ ಹೋಗಬೇಕು. "ನನಗೀಗ ತಲೆ ಕೆಟ್ಟಿದೆ. ಅರ್ಧ ಗಂಟೆ ಬಿಟ್ಟು ಇದನ್ನೇ ಮಾತಾಡೋಣ." ಇಷ್ಟು ಸಾಕು. ಹೇಳಿದ ಹೊತ್ತಿಗೆ ಮರಳದಿದ್ದರೆ ಮುಂದಿನ ಸಲ ಯಾರೂ ನಿಮ್ಮನ್ನು ಬಿಡುವುದಿಲ್ಲ. ಈ ಮಾತನ್ನು ಜಗಳವಿಲ್ಲದ ಒಂದು ದಿನ ಮನೆಯವರ ಜೊತೆ ಮೊದಲೇ ಒಪ್ಪಂದ ಮಾಡಿಕೊಂಡಿದ್ದರೆ ಒಳ್ಳೆಯದು.

ಆ ಅರ್ಧ ಗಂಟೆ ಏನು ಮಾಡಬೇಕು? ಮೊದಲು ಏನು ಮಾಡಬಾರದು ಎಂದು ಹೇಳುತ್ತೇನೆ. ದಿಂಬಿಗೆ ಗುದ್ದಬೇಡಿ. ಸಿಟ್ಟನ್ನು ಹೊರಹಾಕಿದರೆ ಹಗುರಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಪರೀಕ್ಷೆಗಿಟ್ಟಾಗ ನಿಲ್ಲಲಿಲ್ಲ. ಬ್ರ್ಯಾಡ್ ಬುಶ್ಮನ್ 2002ರಲ್ಲಿ 600 ಕಾಲೇಜು ವಿದ್ಯಾರ್ಥಿಗಳನ್ನು ಕೆರಳಿಸಿ, ಕೆಲವರಿಗೆ ಸಿಟ್ಟು ಬರಿಸಿದವನನ್ನು ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಲು ಹೇಳಿದರು. ಅವರ ಸಿಟ್ಟೇ ಹೆಚ್ಚು ಉಳಿಯಿತು. ಏನೂ ಮಾಡದೆ ಸುಮ್ಮನೆ ಕೂತವರಲ್ಲಿ ಹಗೆತನ ಎಲ್ಲರಿಗಿಂತ ಕಡಿಮೆ ಇತ್ತು. 2024ರಲ್ಲಿ ಅವರೂ ಸೋಫಿ ಶೆರ್ವಿಕ್ ಎಂಬವರೂ 154 ಅಧ್ಯಯನಗಳನ್ನು, ಅಂದರೆ 10,189 ಜನರ ಫಲಿತಾಂಶವನ್ನು ಒಟ್ಟಿಗೆ ನೋಡಿದರು. ಮೈಯ ಕಾವು ಇಳಿಸುವ ಕೆಲಸಗಳು, ಎಂದರೆ ನಿಧಾನ ಉಸಿರಾಟ, ಧ್ಯಾನ, ಸ್ನಾಯು ಸಡಿಲಿಸುವುದು, ಯೋಗ, ಸಿಟ್ಟನ್ನು ಇಳಿಸಿದವು. ಕಾವು ಏರಿಸುವ ಕೆಲಸಗಳಿಂದ ಒಟ್ಟಿನಲ್ಲಿ ಉಪಯೋಗ ಕಾಣಲಿಲ್ಲ. ಓಟವಂತೂ ಸಿಟ್ಟು ಹೆಚ್ಚಿಸುವ ಕಡೆಗೇ ವಾಲಿತ್ತು. ಓಟ ಹೃದಯಕ್ಕೆ ಒಳ್ಳೆಯದು, ದಿನಾ ಬೆಳಿಗ್ಗೆ ಓಡಿ. ಜಗಳದ ನಡುವೆ ಬೈಕ್ ಹತ್ತಿ ಹೋಗುವುದು ಮಾತ್ರ ಎರಡು ರೀತಿಯಲ್ಲಿ ಅಪಾಯ. ವಾಟ್ಸ್ಆ್ಯಪ್‌ನಲ್ಲಿ ಐದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುವುದು, ಸ್ಟೇಟಸ್‌ನಲ್ಲಿ ಯಾರಿಗೋ ತಾಗುವ ಮಾತು ಹಾಕುವುದು, ಅಕ್ಕನಿಗೆ ಫೋನ್ ಮಾಡಿ ಇಡೀ ಜಗಳ ಮೊದಲಿಂದ ಹೇಳುವುದು ಇವೂ ದಿಂಬಿನ ಗುದ್ದೇ.

ಮಾಡಬೇಕಾದ್ದು ಸಣ್ಣದು. ಕೂತು, ಎರಡೂ ಪಾದ ನೆಲಕ್ಕೆ ಊರಿ, ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಐದು ನಿಮಿಷ ಮಾಡಿ. ಹೊರಗೆ ಬಿಡುವ ಉಸಿರು ಉದ್ದವಿರುವುದೇ ಇಲ್ಲಿ ಮುಖ್ಯ; ಆಗ ಎದೆಬಡಿತ ನಿಧಾನವಾಗುತ್ತದೆ. ಎದೆ ತುಂಬ ಜೋರಾಗಿ ಎಳೆದುಕೊಳ್ಳುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ತಲೆ ತಿರುಗಿ, ಬೆರಳು ಜುಮುಗುಟ್ಟಿ, ಇನ್ನಷ್ಟು ಗಾಬರಿಯಾಗುತ್ತದೆ. ಉಸಿರು ಮೆಲ್ಲಗಿರಲಿ, ಎಂದಿನಷ್ಟೇ ಇರಲಿ. ಸಿಟ್ಟಿಲ್ಲದ ಹೊತ್ತಿನಲ್ಲಿ ದಿನಕ್ಕೊಮ್ಮೆ ಅಭ್ಯಾಸ ಮಾಡದೆ ನೇರವಾಗಿ ಜಗಳದ ಹೊತ್ತಿಗೆ ಇದನ್ನು ನೆಚ್ಚಿದರೆ ಕೈಕೊಡುತ್ತದೆ.

ಸಿಟ್ಟಿಗೆ ಮುಂಚಿನ ಕ್ಷಣವನ್ನು ಹಿಡಿಯುವುದು

ಇದು ಎರಡು ವಾರದ ಕೆಲಸ. ಒಂದು ನೋಟ್‌ಬುಕ್ಕು, ರಾತ್ರಿ ಐದು ನಿಮಿಷ, ದಿನಕ್ಕೆ ಒಂದೇ ಪ್ರಸಂಗ. ನಾಲ್ಕು ಸಂಗತಿ ಬರೆಯಿರಿ: ಎಲ್ಲಿ, ಯಾರ ಮುಂದೆ ಆಯಿತು, ಮೈಯಲ್ಲಿ ಮೊದಲು ಏನಾಯಿತು, ಸಿಟ್ಟಿಗೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂಕ, ಸಿಟ್ಟಿಗೆ ಒಂದು ಕ್ಷಣ ಮುಂಚೆ ಒಳಗೆ ಕೇಳಿದ ಮಾತೇನು.

ಕೊನೆಯದೇ ಕಷ್ಟ. ಶುರುವಿನಲ್ಲಿ ಎಲ್ಲರೂ ಎದುರಿನವರ ತಪ್ಪಿನ ಪಟ್ಟಿ ಬರೆಯುತ್ತಾರೆ: ಸೊಕ್ಕು, ಕೃತಘ್ನ, ಬೇಕೆಂದೇ ಮಾಡಿದ. ಅದು ಸಿಟ್ಟಿನ ಮಾತು. ಅದಕ್ಕೆ ಮುಂಚಿನ ಮಾತು "ನಾನು" ಅಥವಾ "ನನ್ನ" ಎಂದು ಶುರುವಾಗುತ್ತದೆ, ಬಹಳ ಚಿಕ್ಕದಿರುತ್ತದೆ. "ನನ್ನನ್ನು ಯಾರೂ ಲೆಕ್ಕಕ್ಕಿಡಲ್ಲ." "ನನಗೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಾಗಿಹೋಯ್ತು." "ನಾನು ದುಡಿಯೋದು ಸಾಕಾಗಲ್ಲ." ಕಾಣದಿದ್ದರೆ ಮೈಯ ಕಡೆಯಿಂದ ಹೋಗಿ. ದವಡೆ ಬಿಗಿಯುವುದಕ್ಕೆ ಮುಂಚೆ ಕಣ್ಣು ಕೆಳಗಿಳಿಯಿತೇ, ಕಿವಿ ಬಿಸಿಯಾಯಿತೇ? ಹೌದಾದರೆ ಅಲ್ಲಿ ಹುಡುಕಿ. ಎರಡು ವಾರದ ಕೊನೆಗೆ ಹಿಂದಿರುಗಿ ಓದಿದರೆ ಕಾರಣಗಳು ಹದಿನಾಲ್ಕಿದ್ದರೂ ಒಳಗಿನ ಮಾತು ಎರಡೋ ಮೂರೋ ಮಾತ್ರ ಇರುತ್ತದೆ.

ಭಾವಕ್ಕೆ ಹೆಸರಿಡುವುದರಿಂದಲೇ ಸ್ವಲ್ಪ ಉಪಶಮನ ಇದೆ. ಮ್ಯಾಥ್ಯೂ ಲೀಬರ್ಮನ್ ತಂಡ 2007ರಲ್ಲಿ ಮಿದುಳಿನ ಚಿತ್ರಣದಲ್ಲಿ ತೋರಿಸಿದಂತೆ, ಕಂಡ ಭಾವಕ್ಕೆ ಪದ ಕೊಟ್ಟಾಗ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾದ ಚಟುವಟಿಕೆ ತಗ್ಗುತ್ತದೆ. ಈ ವಿಷಯದಲ್ಲಿ ಕನ್ನಡದ ವ್ಯಾಕರಣ ನಮ್ಮ ಪರವಾಗಿದೆ. "ನನಗೆ ಸಿಟ್ಟು ಬಂತು" ಎನ್ನುತ್ತೇವೆ, "ನಾಚಿಕೆಯಾಯಿತು" ಎನ್ನುತ್ತೇವೆ. ಬಂದದ್ದು ಹೋಗಲೂಬಹುದು. ಕೆಡುಕಾಗುವುದು ನಾಮಪದಗಳಿಂದ: ದಂಡಪಿಂಡ, ಅಯೋಗ್ಯ, ನಾಚಿಕೆಗೇಡಿ, ನಾಲಾಯಕ್ಕು. ನೋಟ್‌ಬುಕ್ಕಿನಲ್ಲಿ ಇಂಥ ನಾಮಪದ ಸಿಕ್ಕ ಕಡೆಯಲ್ಲೆಲ್ಲ ಅದನ್ನು ಹೊಡೆದುಹಾಕಿ, ದಿನಾಂಕ ಸಮೇತ ಒಂದು ಕ್ರಿಯಾಪದ ಬರೆಯಿರಿ. "ನಾನು ಬೇಜವಾಬ್ದಾರಿ" ಎಂಬುದು "ಈ ತಿಂಗಳ ಕಂತನ್ನು ಆರು ದಿನ ತಡವಾಗಿ ಕಟ್ಟಿದೆ" ಎಂದಾಗಲಿ. ಆರು ದಿನದ ತಡಕ್ಕೆ ಉಪಾಯವಿದೆ.

ಕೆಲವರಿಗೆ ಇಲ್ಲೊಂದು ತೊಡಕು ಬರುತ್ತದೆ. ತರ್ಕ ಒಪ್ಪುತ್ತದೆ, ಮನಸ್ಸು ಒಪ್ಪುವುದಿಲ್ಲ. ಬ್ರಿಟನ್ನಿನ ಪಾಲ್ ಗಿಲ್ಬರ್ಟ್ ತಮ್ಮ ಚಿಕಿತ್ಸಾಕ್ರಮವನ್ನು ಕಟ್ಟಿದ್ದು ಈ ತೊಡಕಿನ ಸುತ್ತಲೇ: ಜನ ತಮಗೆ ತಾವು ಸರಿಯಾದ ಮಾತನ್ನೇ ಹೇಳಿಕೊಳ್ಳುತ್ತಿದ್ದರು, ಆದರೆ ಒಳಗಿನ ದನಿ ಮಾತ್ರ ಮೇಷ್ಟರು ಗದರಿದ ಹಾಗಿರುತ್ತಿತ್ತು. ಹಾಗಾಗಿ ಮಾತಿನ ಜೊತೆ ದನಿಯನ್ನೂ ಬದಲಿಸಬೇಕು. ನಿಮ್ಮನ್ನು ಅಕ್ಕರೆಯಿಂದ ಮಾತಾಡಿಸುತ್ತಿದ್ದ ಒಬ್ಬರನ್ನು, ಅಜ್ಜಿಯೋ ಸೋದರಮಾವನೋ, ನೆನೆದು, ಅವರು ಕರೆಯುತ್ತಿದ್ದ ಹೆಸರಿನಿಂದಲೇ, ಮನೆಯಲ್ಲಾಡುವ ಮಾತಿನಲ್ಲೇ ಆ ವಾಕ್ಯವನ್ನು ಮೆಲ್ಲಗೆ ಹೇಳಿಕೊಳ್ಳಿ. ಪುಸ್ತಕದ ಕನ್ನಡದಲ್ಲಿ ಹೇಳಿಕೊಂಡರೆ ಇದು ಕೆಲಸ ಮಾಡುವುದಿಲ್ಲ. ಶುರುವಿನಲ್ಲಿ ಅರ್ಧ ನಿಮಿಷ ಸಾಕು. ಅಕ್ಕರೆ ಸಿಗದೆ ಬೆಳೆದವರಿಗೆ ಇದರಿಂದ ಅಳು ಉಕ್ಕಬಹುದು, ಕಿರಿಕಿರಿಯೂ ಆಗಬಹುದು. ತಪ್ಪಿದ ಲಕ್ಷಣವಲ್ಲ ಅದು. ಅಲ್ಲಿಗೆ ನಿಲ್ಲಿಸಿ ಮಾರನೆಯ ದಿನ ಮತ್ತೆ ಅರ್ಧ ನಿಮಿಷ.

ಒಬ್ಬರಿಗೆ ಹೇಳುವುದು

ನಾಚಿಕೆ ಕತ್ತಲಲ್ಲಿ ಕೊಬ್ಬುತ್ತದೆ. ಆದರೆ ಬೆಳಕಿಗೆ ತರುವ ಆತುರದಲ್ಲಿ ಸಿಕ್ಕಸಿಕ್ಕವರಿಗೆ ಹೇಳಿದರೆ ಗಾಯ ಇನ್ನೂ ಆಳವಾಗುತ್ತದೆ. ನಾಚಿಕೆಗೆ ಸೊನ್ನೆಯಿಂದ ಹತ್ತರ ಅಂಕ ಕೊಟ್ಟುಕೊಂಡು, ಮೂರು ಅಂಕದ್ದನ್ನು ಮೊದಲು ಹೇಳಿ, ಹತ್ತರದ್ದನ್ನಲ್ಲ. ಕೇಳುವವರು ಒಂದು ನಿಮಿಷದೊಳಗೆ ಉಪದೇಶ ಶುರುಮಾಡಿದರೆ, "ಇದೇನ್ ಮಹಾ, ನನಗಾಗಿದ್ದು ಕೇಳು" ಎಂದರೆ, ಮರುವಾರ ಆ ಮಾತು ಇನ್ನೊಬ್ಬರ ಬಾಯಿಂದ ಕೇಳಿಬಂದರೆ, ಆರನೆಯ ಅಂಕದ್ದಕ್ಕೆ ಬೇರೆಯವರನ್ನು ನೋಡಿ. ಹೇಳುವ ಮುಂಚೆ ಏನು ಬೇಕೆಂದು ತಿಳಿಸಿಬಿಡಿ: "ಹತ್ತು ನಿಮಿಷ ಕೇಳಿಸ್ಕೋ, ಸಲಹೆ ಬೇಡ."

ಹೇಳಲು ಯಾರೂ ಇಲ್ಲದಿದ್ದರೆ ಬರವಣಿಗೆ. ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದ ಕ್ರಮ ಹೀಗಿತ್ತು: ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ, ಕಾಗುಣಿತ ನೋಡದೆ, ಘಟನೆ ಮತ್ತು ಭಾವ ಎರಡನ್ನೂ ಬರೆಯುವುದು. ಬರೆದ ಆ ಹೊತ್ತಿಗೆ ಮನಸ್ಸು ಇನ್ನಷ್ಟು ಭಾರವಾಗುತ್ತದೆ, ಹೆದರಬೇಡಿ. ಮಲಗುವ ಮುಂಚೆ ಬರೆಯಬೇಡಿ. ನಾಲ್ಕನೆಯ ದಿನವೂ ಮೊದಲ ದಿನದ ವಾಕ್ಯಗಳೇ ಬರುತ್ತಿದ್ದರೆ ಅದು ಮೆಲುಕು, ನಿಲ್ಲಿಸಿ. ಬರೆದದ್ದನ್ನು ಹರಿದು ಹಾಕಬಹುದು.

ತಪ್ಪು ನಿಜವಾಗಿಯೂ ನಮ್ಮದೇ ಆಗಿದ್ದರೆ

"ತಪ್ಪಾಯ್ತು" ಎನ್ನುತ್ತೇವೆ. ಸುಂದರವಾದ ಮಾತು, ಜಾಣ ಮಾತೂ ಹೌದು. ಅದರಲ್ಲಿ ಮಾಡಿದವರೇ ಇಲ್ಲ. ಕಾಲು ಜಾರಿ ಬಿದ್ದಂತೆ ತಪ್ಪು ತಾನಾಗಿ ಆಯಿತು. "ಬೇಜಾರಾಗಿದ್ರೆ ಸಾರಿ" ಎಂಬುದು ಇನ್ನೂ ಕೆಟ್ಟದ್ದು, ತಪ್ಪನ್ನು ಬೇಜಾರಾದವರ ಮೇಲೇ ಹಾಕುತ್ತದೆ. ಕ್ಷಮೆ ಕೇಳುವಾಗ ಮಾಡಿದ ಕೆಲಸದ ಹೆಸರು ಬರಬೇಕು, ಅದರಿಂದ ಅವರಿಗೆ ಏನಾಯಿತೆಂದು ಬರಬೇಕು, ಮುಂದೇನು ಮಾಡುತ್ತೇನೆ ಎಂದು ಬರಬೇಕು. "ನಿನ್ನೆ ನಿಮ್ಮಣ್ಣನ ಮುಂದೆ ನಿನ್ನ ಸಂಬಳದ ಬಗ್ಗೆ ಹಗುರವಾಗಿ ಮಾತಾಡಿದೆ. ನೀನು ತಲೆ ತಗ್ಗಿಸಿ ಕೂತದ್ದು ನೋಡಿದೆ. ಅವರಿಗೆ ಫೋನ್ ಮಾಡಿ ನಾನು ಹಾಗೆ ಹೇಳಬಾರದಿತ್ತು ಅಂತ ಹೇಳ್ತೀನಿ." ಇದರಲ್ಲಿ "ಆದರೆ" ಇಲ್ಲ, "ಕ್ಷಮಿಸಿದೆಯಾ?" ಎಂಬ ಒತ್ತಾಯವೂ ಇಲ್ಲ. ಅವಮಾನ ನಾಲ್ಕು ಜನರ ಮುಂದೆ ಆಗಿದ್ದರೆ ರಿಪೇರಿಯೂ ಅದೇ ನಾಲ್ಕು ಜನರ ಮುಂದೆ ಆಗಬೇಕು. ಫ್ಯಾಮಿಲಿ ಗ್ರೂಪಿನಲ್ಲಿ ಬೈದು ಪರ್ಸನಲ್ ಮೆಸೇಜಿನಲ್ಲಿ ಕ್ಷಮೆ ಕೇಳಿದರೆ ಬಾಕಿ ಉಳಿಯುತ್ತದೆ. "ನಾನೇ ಪಾಪಿ, ನಾನು ಸತ್ತರೇ ಒಳ್ಳೆಯದು" ಎಂದು ಕುಸಿದು ಬೀಳುವುದೂ ಕ್ಷಮೆ ಕೇಳಿದಂತಲ್ಲ. ಆಗ ನೋವು ತಿಂದವರೇ ನಿಮ್ಮನ್ನು ಸಮಾಧಾನ ಮಾಡುತ್ತ ಕೂರಬೇಕಾಗುತ್ತದೆ.

ಮಕ್ಕಳ ವಿಷಯ ಇದರ ಪಕ್ಕದ್ದೇ. ಎಂಟನೇ ತರಗತಿಯ ಹುಡುಗ ಗಣಿತದಲ್ಲಿ 9 ಬಂದದ್ದನ್ನು 19 ಎಂದು ತಿದ್ದಿ ತಂದಿದ್ದಾನೆ ಎಂದಿಟ್ಟುಕೊಳ್ಳಿ. "ನಾಚಿಕೆಯಾಗಲ್ವಾ ನಿನಗೆ? ಚಿಕ್ಕಪ್ಪನ ಮಗನ್ನ ನೋಡು" ಎಂದರೆ ನಾಚಿಕೆ ಖಂಡಿತ ಆಗುತ್ತದೆ, ಗಣಿತ ಬರುವುದಿಲ್ಲ, ಮುಂದಿನ ಸಲ ಇನ್ನೂ ಚೆನ್ನಾಗಿ ತಿದ್ದುವುದನ್ನು ಕಲಿಯುತ್ತಾನೆ. ನೆಂಟರು ಹೋದ ಮೇಲೆ, ಒಬ್ಬನೇ ಇದ್ದಾಗ, ಚಿಕ್ಕದಾಗಿ ಹೇಳಿ: "ಅಂಕ ತಿದ್ದಿದ್ದೀಯ, ಅದು ಸುಳ್ಳು, ನನಗೆ ಸಿಟ್ಟು ಬಂದಿದೆ. 9 ಬಂದಿದ್ದಕ್ಕೆ ಹೆದರಿದ್ಯಾ? ನಾಳೆ ಮೇಡಂ ಹತ್ರ ನಾವಿಬ್ರೂ ಹೋಗೋಣ. ಯಾವ ಲೆಕ್ಕ ಗೊತ್ತಾಗ್ಲಿಲ್ಲ ತೋರಿಸು." ಸಿಟ್ಟನ್ನು ಮುಚ್ಚಿಡುವ ಅಗತ್ಯ ಇಲ್ಲ. ಅದು ಅವನು ಮಾಡಿದ ಕೆಲಸದ ಮೇಲಿದೆ ಎಂದು ಅವನಿಗೆ ತಿಳಿಯಬೇಕು, ಅಷ್ಟೇ.

ಯಾವಾಗ ಇದಿಷ್ಟು ಸಾಲದು

ಸಿಡುಕಿನ ಜೊತೆ ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಅದು ಖಿನ್ನತೆ ಇರಬಹುದು. ಥೈರಾಯ್ಡ್ ಹೆಚ್ಚಾದಾಗಲೂ ಸಿಡುಕು ಬರುತ್ತದೆ, ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಕುಡಿದಾಗ ಮಾತ್ರ ಸಿಟ್ಟು ಬರುವುದಾದರೆ ಮೊದಲ ಚಿಕಿತ್ಸೆ ಕುಡಿತಕ್ಕೆ. ಚಿಕ್ಕಂದಿನಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ ಅನುಭವಿಸಿದವರು ನಾನು ಹೇಳಿದ ಬರವಣಿಗೆಯನ್ನು ಒಬ್ಬರೇ ಶುರುಮಾಡದೆ ತಜ್ಞರ ಜೊತೆ ಮಾಡುವುದು ಕ್ಷೇಮ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಇದರ ಮುಖ್ಯ ಹೊಣೆ ಬೆಂಗಳೂರಿನ ನಿಮ್ಹಾನ್ಸ್‌ನದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಸಾಯುವ ಯೋಚನೆ ಬಂದಿದ್ದರೆ ನಾಳೆಗೆ ಮುಂದೂಡಬೇಡಿ.

ಮನೆಯಲ್ಲಿ ಯಾರಾದರೂ ಹೊಡೆಯುತ್ತಿದ್ದರೆ ಅವರ ನಾಚಿಕೆಯನ್ನು ಅರ್ಥಮಾಡಿಕೊಳ್ಳುವುದು ಹೊಡೆಸಿಕೊಳ್ಳುವವರ ಕೆಲಸವಲ್ಲ. ಅಂಥಲ್ಲಿ 112 ಅಥವಾ ಮಹಿಳೆಯರಿಗಾಗಿ ಇರುವ 181ಕ್ಕೆ ಕರೆ ಮಾಡಿ.

ಇಂಥ ಉಪನ್ಯಾಸಗಳ ಕೊನೆಗೆ ಬಹಳ ಸಲ ಬರುವ ಪ್ರಶ್ನೆಯೊಂದಿದೆ: "ಚಿಕ್ಕಂದಿನಲ್ಲಿ ಎಲ್ಲರ ಮುಂದೆ ಅವಮಾನ ಮಾಡುತ್ತಿದ್ದ ತಂದೆಗೆ ಈಗ ಎಂಬತ್ತು ವರ್ಷ. ಈಗ ಕೇಳಬಹುದೇ?" ಕೇಳಬಹುದು, ಆದರೆ ಅವರಿಂದ ಏನು ಬಂದರೆ ನಿಮಗೆ ಸಾಕು ಎಂದು ಮೊದಲು ಬರೆದಿಟ್ಟುಕೊಳ್ಳಿ. "ತಪ್ಪು ಮಾಡಿದೆ" ಎಂಬ ಮಾತೇ ಬೇಕು ಎಂದಾದರೆ ಸದ್ಯಕ್ಕೆ ಕೇಳಬೇಡಿ; ಆ ವಯಸ್ಸಿನಲ್ಲಿ ಅವರಿಗೂ ನಾಚಿಕೆ ಏಳುತ್ತದೆ, ಏಳುವಾಗ ಅದು ಸಿಟ್ಟಿನ ವೇಷದಲ್ಲೇ ಏಳುತ್ತದೆ, "ನಿನ್ನನ್ನು ಸಾಕಿದ್ದು ತಪ್ಪಾಯ್ತಾ?" ಎನ್ನುತ್ತಾರೆ. ಹೇಳಿ ಮುಗಿಸಿದರೆ ಸಾಕು, ಉತ್ತರ ಏನೇ ಬರಲಿ ಎನ್ನುವ ಸ್ಥಿತಿಗೆ ಬಂದಿದ್ದರೆ ಒಂದೇ ಘಟನೆಯನ್ನು ಆರಿಸಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಎರಡು ವಾಕ್ಯದಲ್ಲಿ ಹೇಳಿ. ಆಮೇಲೆ ಕಾಫಿ ಮಾಡಲು ಎದ್ದು ಹೋಗಿ. ಯಾರೂ ನೋಡದ ಆ ಐದು ನಿಮಿಷ ಅವರಿಗೂ ಬೇಕಾಗುತ್ತದೆ.